ತಿದ್ದಿದ ಮೂಗನ್ನು ಮತ್ತೆ ತಿದ್ದುವಾಗ

ಮುಖದಲ್ಲಿ ಕಣ್ಣಿದೆ, ಬಾಯಿದೆ, ಹಣೆಯಿದೆ. ಆದರೆ ಮಾನದ ಭಾರವನ್ನೆಲ್ಲ ಹೊತ್ತಿರುವುದು ಮೂಗು. ಮನೆಯವರೊಬ್ಬರು ತಲೆ ತಗ್ಗಿಸುವಂಥ ಕೆಲಸ ಮಾಡಿದರೆ ನಮ್ಮ ಉರ್ದು ಮಾತಿನ ಮನೆಗಳಲ್ಲಿ 'ನಾಕ್ ಕಟ್ ಗಯೀ' ಎನ್ನುತ್ತಾರೆ, ಮೂಗು ಕೊಯ್ದು ಹೋಯಿತು ಎಂದು. ಹುಡುಗಿಯ ಚಹರೆ ಹೇಗಿದೆ ಎಂದು ಕೇಳುವಾಗಲೂ 'ನಾಕ್ ನಕ್ಷಾ' ಹೇಗಿದೆ ಎಂದೇ ಕೇಳುತ್ತಾರೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಕನ್ನಡದ ಗಾದೆ ಎಚ್ಚರಿಸುತ್ತದೆ.

ಗಾದೆ ಹೇಳಿದ್ದು ಇಂದು ಅಕ್ಷರಶಃ ನಿಜವಲ್ಲ. ಹೋದ ಮೂಗನ್ನು ವೈದ್ಯರು ಮರಳಿ ಕಟ್ಟಬಲ್ಲರು, ಇದ್ದ ಮೂಗನ್ನು ಬೇಕಾದಂತೆ ತಿದ್ದಬಲ್ಲರು. ನಮ್ಮನ್ನು ಇಲ್ಲಿ ಕಾಡುವ ಪ್ರಶ್ನೆ ಅದರ ಮುಂದಿನದು. ಒಮ್ಮೆ ಚೆಂದಕ್ಕಾಗಿ ತಿದ್ದಿಸಿಕೊಂಡ ಮೂಗು ಸೊಟ್ಟಗಾಗಿ, ತಗ್ಗು ಬಿದ್ದು, ಅಥವಾ ಉಸಿರಿಗೇ ತೊಡಕಾಗಿ, ಅದನ್ನು ಮತ್ತೆ ಸರಿಪಡಿಸಿಕೊಡಿ ಎಂದು ಕೇಳುವವರಿಗೆ ನಾವು ಏನು ಹೇಳಬೇಕು?

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರಿಗೆ ಇದೆಲ್ಲ ದೂರದ ಮಾತು ಎನಿಸಬಹುದು. ಮಳೆ ಬರಲಿಲ್ಲ, ಕೊಳವೆಬಾವಿ ಬತ್ತಿತು, ಶೇಂಗಾಕ್ಕೆ ಬೆಲೆಯಿಲ್ಲ ಎನ್ನುವ ನೆಲದಲ್ಲಿ ಮೂಗಿನ ಆಕಾರದ ಚಿಂತೆ ಯಾರಿಗೆ? ಆದರೆ ಹೆಣ್ಣು ನೋಡಲು ಬಂದವರ ಕಣ್ಣು ಹಳ್ಳಿಯಲ್ಲೂ ಮೊದಲು ಹೋಗುವುದು ಬಣ್ಣದ ಮೇಲೆ, ಮೂಗಿನ ಮೇಲೆ. 'ಹುಡುಗಿ ಒಳ್ಳೆಯವಳೇ, ಮೂಗೊಂದು ಸ್ವಲ್ಪ...' ಎಂದು ಅರ್ಧಕ್ಕೆ ನಿಲ್ಲಿಸಿದ ಮಾತು ಆ ಮಗುವಿನ ಎದೆಯಲ್ಲಿ ಎಷ್ಟು ವರ್ಷ ಉಳಿಯುತ್ತದೆಂದು ಆಡಿದವರಿಗೆ ತಿಳಿಯದು. ಈಗ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಮುಖವನ್ನು ಬೆರಳಿನಿಂದಲೇ ತಿದ್ದುವ ಸೌಕರ್ಯವಿದೆ. ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಾರೆ, ಅಲ್ಲಿ ಬೀದಿಗೊಂದು ಸೌಂದರ್ಯ ಚಿಕಿತ್ಸಾಲಯ. ದೂರ ಎನ್ನುವುದು ಉಳಿದಿಲ್ಲ.

ಹಿರಿಯೂರನ್ನು ಹಾದು ಹೋಗುವ ಹೆದ್ದಾರಿ ಪುಣೆಯನ್ನು ಮುಟ್ಟುತ್ತದೆ. ಮೂಗಿನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಪುಣೆಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಾ ರೈತ ಟಿಪ್ಪುವಿನ ಸೈನ್ಯದ ಕೈಗೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಟಿಪ್ಪು ನಮಗೆ ಪ್ರಿಯನೆಂದು ಈ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೂ ಹಿಂದೆ, 17ನೇ ಶತಮಾನದಲ್ಲಿ, ಒಡೆಯರ ಕಾಲದ ಮೈಸೂರು ಸೈನ್ಯವೂ ವೈರಿಗಳ ಮೂಗು ಕೊಯ್ಯುವುದಕ್ಕೆ ಕುಖ್ಯಾತವಾಗಿತ್ತು. ಯಾವ ದೊರೆಯ ಕಾಲದಲ್ಲಾದರೂ ಕ್ರೌರ್ಯ ಕ್ರೌರ್ಯವೇ.

ಕಾವಸ್ಜಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಕಡೆಗೆ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಪುಣೆಯ ಬಳಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳುವಾದ ಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿದ. ಹುಬ್ಬುಗಳ ನಡುವೆ ಒಂದು ಎಳೆ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ಚರ್ಮವನ್ನು ಕೆಳಗೆ ತಿರುಗಿಸಿ ಕೂಡಿಸಿದ. ರಕ್ತ ಹರಿಯಲು ಆ ಎಳೆಯೇ ದಾರಿ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರ್ ಸಂಚಿಕೆಯಲ್ಲಿ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಇದೇ ವಿಧಾನವನ್ನು ಬಳಸಿದ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇತ್ತು. ಶಾಸ್ತ್ರದಲ್ಲಿದ್ದ ವಿದ್ಯೆಯನ್ನು ಇಟ್ಟಿಗೆ ಸುಡುವವರ ಕೈಗಳು ಬದುಕಿಸಿಟ್ಟವು.

ಕಾವಸ್ಜಿಯ ವಿಷಯದಲ್ಲಿ ಯಾರಿಗೂ ನೈತಿಕ ಸಂದೇಹ ಬರುವುದಿಲ್ಲ. ಇನ್ನೊಬ್ಬರು ಕಿತ್ತುಕೊಂಡದ್ದನ್ನು ಅವನು ಮರಳಿ ಪಡೆದ. ಆದರೆ ತಾನಾಗಿಯೇ ಹೋಗಿ, ಹಣ ಕೊಟ್ಟು, ಇದ್ದ ಮೂಗನ್ನು ಕೆಡಿಸಿಕೊಂಡವರ ಬಗ್ಗೆ ನಮ್ಮ ನಾಲಿಗೆ ಹರಿತವಾಗುತ್ತದೆ. 'ಅಲ್ಲಾಹನು ಕೊಟ್ಟದ್ದರಲ್ಲಿ ತೃಪ್ತಿಯಿರಲಿಲ್ಲ, ಈಗ ಅನುಭವಿಸಲಿ' ಎಂದುಬಿಡುತ್ತೇವೆ. ಹೀಗೆನ್ನುವ ಮೊದಲು ಅರ್ಫಜಾರನ್ನು ನೆನೆಯಬೇಕು.

ಅರ್ಫಜಾ ಬಿನ್ ಅಸ್‌ಅದ್ ಪ್ರವಾದಿ ಮುಹಮ್ಮದ್(ಸ)ರ ಸಂಗಾತಿ. ಇಸ್ಲಾಮ್‌ಗೆ ಮುಂಚಿನ ಕುಲಾಬ್ ಕಾಳಗದಲ್ಲಿ ಅವರ ಮೂಗು ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು. ಅದು ಹೊಂದಲಿಲ್ಲ, ದುರ್ವಾಸನೆ ಬರತೊಡಗಿತು. ಆಗ ಪ್ರವಾದಿ(ಸ)ಯವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರೆಂದು ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ಗಂಡಸರಿಗೆ ಚಿನ್ನ ನಿಷಿದ್ಧ ಎಂಬುದು ಎಲ್ಲರಿಗೂ ಗೊತ್ತು. ಆದರೂ ನಿಷೇಧ ಅಲ್ಲಿ ದಾರಿ ಬಿಟ್ಟಿತು. ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ: ಅದು ಮೊದಲ ಚಿಕಿತ್ಸೆಯಲ್ಲ, ಮೊದಲನೆಯದು ಕೆಟ್ಟ ಮೇಲಿನ ಎರಡನೆಯದು. ಒಮ್ಮೆ ಮಾಡಿಸಿಕೊಂಡಾಯಿತಲ್ಲ, ಇನ್ನು ಸಹಿಸಿಕೋ ಎಂಬ ಉತ್ತರ ಅವರಿಗೆ ಸಿಗಲಿಲ್ಲ.

ಬರಿಯ ಅಲಂಕಾರಕ್ಕಾಗಿ ಸೃಷ್ಟಿಯನ್ನು ಬದಲಿಸುವುದಕ್ಕೆ ಧರ್ಮದ ವಿರೋಧವಿದೆ ನಿಜ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ಇದೇ ಗೆರೆ ಎಳೆಯಿತು. ಹುಟ್ಟಿನಿಂದ ಬಂದ ಅಥವಾ ನಂತರ ಉಂಟಾದ ದೋಷವನ್ನು ಸರಿಪಡಿಸಬಹುದು, ಮೂಗಿನ ತೀವ್ರ ಸೊಟ್ಟತನವೂ ಅದರಲ್ಲಿ ಸೇರಿದೆ. ಹುಚ್ಚು ಬಯಕೆಗಾಗಿ ಮುಖ ಬದಲಿಸುವುದು ಸಲ್ಲದು. ಆದರೆ ಕೆಟ್ಟ ಶಸ್ತ್ರಚಿಕಿತ್ಸೆಯಾದ ಮರುದಿನದಿಂದ ಆ ಮೂಗು ಒಂದು ಗಾಯ. ಅದರ ಹಿಂದೆ ಬಯಕೆಯಿತ್ತು ಎಂದ ಮಾತ್ರಕ್ಕೆ ಗಾಯ ಗಾಯವಲ್ಲದೆ ಹೋಗುವುದಿಲ್ಲ. ಅತಿವೇಗದಲ್ಲಿ ಬೈಕ್ ಓಡಿಸಿ ಕಾಲು ಮುರಿದುಕೊಂಡವನಿಗೂ ನಾವು ಕಟ್ಟು ಹಾಕಿಸುತ್ತೇವೆ.

ಹಾಗಾದರೆ ದಾರಿಗಳೇನು? ಮೊದಲನೆಯದು ಕಾಯುವುದು. ಶಸ್ತ್ರಚಿಕಿತ್ಸೆಯ ನಂತರದ ಬಾವು, ಅದರಲ್ಲೂ ಮೂಗಿನ ತುದಿಯದು, ಪೂರ್ತಿ ಇಳಿಯಲು ಸುಮಾರು ಒಂದು ವರ್ಷ ಬೇಕು. ಚರ್ಮ ದಪ್ಪಗಿದ್ದರೆ ಇನ್ನೂ ಹೆಚ್ಚು. ಮೂರನೇ ತಿಂಗಳಲ್ಲಿ ಸೊಟ್ಟಗೆ ಕಂಡದ್ದು ವರ್ಷ ತುಂಬುವಾಗ ನೆಟ್ಟಗಾಗಿರಬಹುದು. ಒಳಗೆ ಗಂಟುಕಟ್ಟಿದ ಊತಕ್ಕೆ ಕೆಲವೊಮ್ಮೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಸಣ್ಣ ತಗ್ಗುಗಳನ್ನು ತುಂಬಲು ಹಯಲುರಾನಿಕ್ ಆಸಿಡ್‌ನ ಫಿಲ್ಲರ್ ಬಳಸುತ್ತಾರೆ. ಅದು ತಗ್ಗನ್ನು ಮರೆಮಾಡೀತು, ದೊಡ್ಡ ಮೂಗನ್ನು ಚಿಕ್ಕದು ಮಾಡದು, ಕಟ್ಟಿದ ಉಸಿರನ್ನು ಬಿಡಿಸದು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕರಗುತ್ತದೆ. ಕತ್ತರಿಯಿಲ್ಲದ ಚಿಕಿತ್ಸೆ ಎಂದರೆ ಅಪಾಯವಿಲ್ಲದ್ದು ಎಂದೂ ತಿಳಿಯಬಾರದು. ಮದ್ದು ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಒಮ್ಮೆ ಕೊಯ್ದ ಮೂಗಿನಲ್ಲಿ ರಕ್ತನಾಳಗಳ ದಾರಿ ಬದಲಾಗಿರುವುದರಿಂದ ಆ ಭಯ ಹೆಚ್ಚು.

ಉಸಿರಾಟಕ್ಕೆ ತೊಡಕಿದ್ದರೆ, ಮೂಗಿನ ಕಂಬವೇ ಕುಸಿದಿದ್ದರೆ, ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದು ಮೊದಲನೆಯದಕ್ಕಿಂತ ಕಠಿಣ. ಒಳಗೆಲ್ಲ ಕಲೆ ಕಟ್ಟಿರುತ್ತದೆ, ಹೊಳ್ಳೆಗಳ ನಡುವಿನ ಗೋಡೆಯ ಮೃದ್ವಸ್ಥಿ ಹಿಂದೆಯೇ ಖರ್ಚಾಗಿರುತ್ತದೆ. ಆಗ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿಯನ್ನು ತರಬೇಕು. ಒಂದು ಗಾಯ ಮುಚ್ಚಲು ದೇಹದ ಇನ್ನೊಂದು ಕಡೆ ಗಾಯ ಮಾಡಬೇಕು.

ಎರಡನೆಯದಕ್ಕೆ ಕರುಣೆ ತೋರಿದರೆ ಮೂರನೆಯದು, ನಾಲ್ಕನೆಯದು ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರುತ್ತದೆ. ಎಷ್ಟು ತಿದ್ದಿದರೂ ಕನ್ನಡಿಯಲ್ಲಿ ದೋಷವನ್ನೇ ಕಾಣುವ ಮನಸ್ಸುಗಳಿವೆ. ಅದೂ ಒಂದು ಕಾಯಿಲೆ, ಮನೋವೈದ್ಯರು ಗುರುತಿಸಿರುವ ಕಾಯಿಲೆ. ಅದಕ್ಕೆ ಮೂಗಿನ ಮೇಲೆ ಮದ್ದಿಲ್ಲ. ಅಂಥವರಿಗೆ 'ಇನ್ನು ಕೊಯ್ಯುವುದಿಲ್ಲ, ಮನಸ್ಸಿನ ವೈದ್ಯರನ್ನು ನೋಡೋಣ' ಎಂದು ಹೇಳುವ ವೈದ್ಯನೇ ನಿಜವಾದ ಹಿತೈಷಿ. ಹಣ ಕಳೆದುಕೊಂಡಾದರೂ ಇಲ್ಲ ಎನ್ನುವ ಧೈರ್ಯ ಅವನ ವೃತ್ತಿಧರ್ಮಕ್ಕೆ ಸೇರಿದ್ದು. ಗಾಯಕ್ಕೆ ಎರಡಲ್ಲ, ಮೂರು ಸಲ ಚಿಕಿತ್ಸೆಯಾದರೂ ಸರಿ; ಗಾಯವಿಲ್ಲದ ಕಡೆ ಮೊದಲನೆಯದೇ ಹೆಚ್ಚು.

ಉಳಿದ ಹೊಣೆ ನಮ್ಮದು. ಕಾವಸ್ಜಿಯ ಮೂಗು ಕತ್ತಿಯಿಂದ ಹೋಯಿತು. ನಮ್ಮ ಹುಡುಗಿಯರ, ಈಗೀಗ ಹುಡುಗರ, ಮೂಗು ನಮ್ಮ ಮಾತಿನಿಂದ ಹೋಗುತ್ತಿದೆ. ಖಾಲಾ, ಫುಪ್ಪು, ಅತ್ತೆ, ಚಿಕ್ಕಮ್ಮ ಎಂದು ಪ್ರೀತಿಯಿಂದ ಕರೆಸಿಕೊಳ್ಳುವವರೇ ತೊಟ್ಟಿಲಲ್ಲಿನ ಕೂಸಿನ ಮೂಗನ್ನು ಎಳೆದು ನೆಟ್ಟಗಾಗಲಿ ಎನ್ನುತ್ತಾರೆ. ಇಪ್ಪತ್ತು ವರ್ಷದ ನಂತರ ಅದೇ ಕೂಸು ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಹೋದರೆ ಬೆರಗಾಗುತ್ತೇವೆ, ಅದು ಕೆಟ್ಟರೆ ಉಪದೇಶ ಹೇಳುತ್ತೇವೆ. ಉಪದೇಶದ ಬದಲು ಒಳ್ಳೆಯ ವೈದ್ಯರ ಬಳಿಗೆ ಅವರ ಜೊತೆ ಹೋಗಿ ಬರಬಹುದು. ಮತ್ತು ಮುಂದಿನ ಸಲ ಹೆಣ್ಣು ನೋಡಲು ಹೋದಾಗ, ಆ ಅರ್ಧ ಮಾತನ್ನು ನುಂಗಿಕೊಂಡು, ಅವರು ಕೊಟ್ಟ ಚಹಾ ಕುಡಿದು, ಅವಳು ಏನು ಓದಿದ್ದಾಳೆ, ಅವಳಿಗೆ ಏನು ಇಷ್ಟ ಎಂದು ಕೇಳಬಹುದು.