ಹಳೆಯ ನೋವಿನ ಸಾಕ್ಷಿ

ಪೀಣ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸಿ ನಿವೃತ್ತರಾದ ನನ್ನ ಸೋದರಮಾವನಿಗೆ ಕಳೆದ ವರ್ಷ ಕೆಮ್ಮು ಬಿಡಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಶ್ವಾಸಕೋಶ ಚೆನ್ನಾಗಿತ್ತು. ಆದರೆ ಹೃದಯದ ಗೋಡೆಯಲ್ಲಿ ಮೂಳೆಯಷ್ಟೇ ಬೆಳ್ಳಗಿನ ಒಂದು ಗೆರೆ ಕಂಡಿತು. ಕ್ಯಾಲ್ಸಿಯಂ ಎಂದರು.

ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟುವುದು ಸಾಮಾನ್ಯ. 1990ರಲ್ಲಿ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ರೂಪಿಸಿದ ಅಂಕದಿಂದ ಅದನ್ನು ಈಗಲೂ ಅಳೆಯುತ್ತಾರೆ. ಸ್ನಾಯುವಿನೊಳಗೇ ಕಟ್ಟುವುದು ಅಪರೂಪ. ಮೂತ್ರಪಿಂಡ ಸೋತು ರಕ್ತದ ಕ್ಯಾಲ್ಸಿಯಂ, ಫಾಸ್ಫೇಟ್ ಏರುಪೇರಾದರೆ ಹಾಗಾಗಬಹುದು. ಇಲ್ಲವೇ, ಎಂದೋ ಸತ್ತ ಸ್ನಾಯುವಿನ ಕಲೆಯಲ್ಲಿ, ರಕ್ತದ ಕ್ಯಾಲ್ಸಿಯಂ ಸರಿಯಿದ್ದರೂ, ಅದು ನಿಧಾನವಾಗಿ ಕಟ್ಟಿಕೊಳ್ಳಬಹುದು. ಮಾವನ ರಕ್ತ ಸರಿಯಿತ್ತು. ಇಸಿಜಿ, ಎಕೋ ನೋಡಿದ ವೈದ್ಯರು ನಮ್ಮನ್ನು ಹೊರಗೆ ಕರೆದು, ಹಿಂದೆಂದೋ ಹೃದಯಾಘಾತ ಆಗಿಹೋಗಿದೆ ಎಂದರು. ಆ ಗೆರೆಯನ್ನು ಕರಗಿಸುವ ಮಾತ್ರೆಯಿಲ್ಲ, ಇನ್ನೊಂದು ಆಘಾತವನ್ನು ತಡೆಯಲು ಮಾತ್ರೆಗಳಿವೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದದ್ದು ಅತ್ತೆಗೆ ನೆನಪಿತ್ತು. "ಇವರಿಗೆ ಹೇಳಬೇಡ ಕಣೋ, ಹೆದರಿಕೇಲೇ ಹೋಗಿಬಿಡ್ತಾರೆ" ಎಂದರು. ಒಪ್ಪಿದೆ. ಗ್ಯಾಸಿನ ಮಾತ್ರೆ ಎಂದು ಹೇಳಿ ಕೊಟ್ಟೆವು.

ರೋಗಿಗೆ ಸತ್ಯ ಹೇಳಬೇಕೆನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ, ತಿಳಿದರೆ ಮುಂದಿನದನ್ನು ಅವರೇ ನಿರ್ಧರಿಸಬಹುದು ಎಂಬುದು. ಇಲ್ಲಿ ಮುಂದಿನದಕ್ಕೆ ಬೇಕಾದದ್ದು ಮಾತ್ರೆಯ ರೂಪದಲ್ಲಿ ಹೊಟ್ಟೆ ಸೇರುತ್ತಿತ್ತು. ಹಾಗಿದ್ದರೆ ನಮ್ಮ ಸುಳ್ಳಿನಿಂದ ನಷ್ಟವಾದದ್ದೇನು?

ಒಂದು ವಾರದ ನಂತರ ಕೇಳಿದೆ: "ಮಾವ, ರಿಪೋರ್ಟಲ್ಲಿ ಇನ್ನೊಂದು ವಿಷಯ ಇದೆ. ಹೇಳಲಾ?" ಬೇಡ ಎಂದಿದ್ದರೆ ಸುಮ್ಮನಾಗುತ್ತಿದ್ದೆ, ತಿಳಿಯದೆ ಇರುವುದೂ ಅವರ ಹಕ್ಕೇ. "ಹೇಳು" ಎಂದರು. ಹೇಳಿದೆ. ಅವರು ಹೆದರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ಕಡೆ ತಿರುಗಿ, "ಹಂಗಾದ್ರೆ ಅವತ್ತು ನಂಗೆ ನಿಜವಾಗ್ಲೂ ನೋವಿತ್ತು" ಎಂದರು.

ಹದಿನೈದು ವರ್ಷದ ಹಿಂದೆ ನೈಟ್ ಶಿಫ್ಟಿನಲ್ಲಿ ಎದೆ ಹಿಡಿದುಕೊಂಡು ಕೂತಿದ್ದರಂತೆ. ಗ್ಯಾಸ್ ಎಂದು ಸೂಪರ್‌ವೈಸರ್ ಹೇಳಿದ, ಮನೆಯವರೂ ಅದನ್ನೇ ಹೇಳಿದರು. ಕೆಲಸ ತಪ್ಪಿಸಲು ಹೂಡಿದ ನೆಪ ಎಂದು ಬಹಳ ದಿನ ಆಡಿಕೊಂಡಿದ್ದರು. ಹದಿನೈದು ವರ್ಷದ ನಂತರ ನಾವೂ ಅದೇ ಗ್ಯಾಸಿನ ಹೆಸರು ಹೇಳಿ ಅವರ ಬಾಯಿ ಮುಚ್ಚಿಸಿದ್ದೆವು.

ಹೇಳಿ ಪ್ರಯೋಜನವೇನು ಎಂದು ಕೇಳುವಾಗ ನಾವು ಮುಂದಿನ ದಿನಗಳನ್ನಷ್ಟೇ ಲೆಕ್ಕ ಹಾಕುತ್ತೇವೆ. ತನ್ನ ದೇಹ ಹಿಂದೆ ಹೇಳಿದ್ದು ಸುಳ್ಳಾಗಿರಲಿಲ್ಲ ಎಂದು ತಿಳಿಯುವುದಕ್ಕೂ ಮನುಷ್ಯನಿಗೆ ಹಕ್ಕಿದೆ. ಮಾವನಿಗೆ ಬೇಕಾಗಿದ್ದದ್ದು ಅದು. ಅದನ್ನು ಬಚ್ಚಿಡುವಾಗ ಅವರ ಹೆದರಿಕೆಯ ಮಾತಾಡಿದೆವು, ಹೆದರಿದ್ದವರು ನಾವು.