ಕೇಳದೆ ಬಂದ ಸಿಹಿ

ಮಕ್ಕಳ ಲಾಲನೆ ಪಾಲನೆಗಳ ವಿಷಯದಲ್ಲಿ ನಮ್ಮ ಹಿರಿಯರು ಆಡಿದ ಮಾತು ಕಡಿಮೆ, ಮಾಡಿ ತೋರಿಸಿದ್ದು ಹೆಚ್ಚು. ಪೇಟೆಗೆ ಹೋದ ತಂದೆಯ ಚೀಲದ ತಳದಲ್ಲಿ ಒಂದಿಷ್ಟು ಬೆಂಡು ಬತ್ತಾಸು, ರಥೋತ್ಸವ ಮುಗಿಸಿ ಬಂದ ಅಜ್ಜನ ಶಲ್ಯದ ತುದಿಯ ಗಂಟಿನಲ್ಲಿ ನಾಲ್ಕು ಖರ್ಜೂರ. ಉಡುಪಿಯ ಕಡೆಯಲ್ಲಾಗಲಿ, ರಾಯಚೂರು ವಿಜಯಪುರಗಳ ಕಡೆಯಲ್ಲಾಗಲಿ ಬೆಳೆದ ನಮ್ಮಲ್ಲಿ ಬಹುಮಂದಿಗೆ ಇಂಥವು ನೆನಪಿರುತ್ತವೆ. ಮಗು ಕೇಳಿರಲಿಲ್ಲ, ತಂದೆ ತರುವೆನೆಂದು ಹೇಳಿರಲೂ ಇಲ್ಲ. ಆ ಸಿಹಿಯ ಬೆಲೆ ಕೆಲವು ಕಾಸು ಮಾತ್ರ. ಅದರ ಆನಂದವಾದರೋ ಅರ್ಧ ಶತಮಾನ ಕಳೆದರೂ ಸವೆಯದು. ಇಷ್ಟು ಅಲ್ಪವಾದ ಸಂಗತಿಯಲ್ಲಿ ವಿಚಾರಿಸತಕ್ಕದ್ದು ಏನಿದೆ ಎಂದು ವಾಚಕ ಬಂಧುಗಳು ಕೇಳಬಹುದು. ಈ ಮಹಾನಗರಿಯಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ವಿಚಾರಿಸತಕ್ಕದ್ದು ಬಹಳವಿದೆ ಎಂದೇ ನಮ್ಮ ಭಾವನೆ.

ಮುಂಬಯಿಯಲ್ಲಿಯೂ ಇಂಥ ಸಿಹಿಗೆ ಬಡತನವಿಲ್ಲ. ವಿಲೇಪಾರ್ಲೆಯಲ್ಲಿ 1929ರಲ್ಲಿ ಆರಂಭವಾದ ಪಾರ್ಲೆ ಕಾರ್ಖಾನೆ 2016ರಲ್ಲಿ ಮುಚ್ಚುವವರೆಗೂ, ಕಿಟಕಿಯ ಪಕ್ಕದಲ್ಲಿ ಕುಳಿತ ಮಗು ಕಣ್ಣು ಮುಚ್ಚಿಯೂ ಆ ನಿಲ್ದಾಣವನ್ನು ಗುರುತಿಸಬಹುದಿತ್ತು. ಬೇಯುವ ಬಿಸ್ಕತ್ತಿನ ಪರಿಮಳ ಯಾರ ಅನುಮತಿಯನ್ನೂ ಕೇಳದೆ ರೈಲಿನೊಳಗೆ ಬರುತ್ತಿತ್ತು. ನಮ್ಮ ಕರಾವಳಿಯ ಮೂಲ್ಕಿಯಿಂದ ಬಂದ, ಹಣ್ಣಿನ ವ್ಯಾಪಾರಿಯ ಪುತ್ರರಾದ ದಿವಂಗತ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ತೆರೆದ ಚಿಕ್ಕ ಅಂಗಡಿಯ ಸೀತಾಫಲದ ಐಸ್‌ಕ್ರೀಮು ಈ ಊರಿನ ಎಷ್ಟೋ ಮಕ್ಕಳ ಸಂಜೆಗಳನ್ನು ಹಬ್ಬವಾಗಿಸಿದೆ. ಆದುದರಿಂದ ಕೊರತೆ ಇರುವುದು ಸಿಹಿಯಲ್ಲಲ್ಲ. ಕೊಡುವ ರೀತಿಯಲ್ಲಿ ಏನಾದರೂ ಕೊರತೆ ಬಂದಿದೆಯೇ ಎಂಬುದೇ ಪ್ರಶ್ನೆ.

ಮಕ್ಕಳಿಗೆ ನಾವು ಕೊಡುವುದನ್ನು ಗಮನಿಸಿದರೆ ಅದರಲ್ಲಿ ಹಲವು ಬಗೆಗಳು ಕಾಣುತ್ತವೆ. ‘ಪರೀಕ್ಷೆಯಲ್ಲಿ ಮೊದಲಿಗನಾದರೆ ಸೈಕಲ್ ಕೊಡಿಸುವೆ’ ಎಂಬುದು ಒಂದು ಬಗೆ, ಇದು ಕೂಲಿ. ‘ಅಳು ನಿಲ್ಲಿಸು, ಚಾಕೊಲೇಟು ಕೊಡುತ್ತೇನೆ’ ಎಂಬುದು ಎರಡನೆಯದು. ಇದನ್ನು ಲಂಚವೆಂದರೆ ಕಟುವಾದೀತು, ಆದರೆ ಬೇರೆ ಹೆಸರು ದೊರೆಯುವುದಿಲ್ಲ. ಮನೆಯಲ್ಲಿ ಇರಲಾಗದುದಕ್ಕೆ ಪರಿಹಾರವೆಂದು ತರುವುದು ಮೂರನೆಯದು. ಇದು ದಂಡ ತೆತ್ತಂತೆ. ಯಾವ ಕಾರಣವೂ ಇಲ್ಲದೆ, ಮಗುವಿನ ಮುಖ ನೆನಪಾಯಿತೆಂಬ ಒಂದೇ ನೆಪದಿಂದ ತರುವುದು ನಾಲ್ಕನೆಯದು. ಹೊರನೋಟಕ್ಕೆ ನಾಲ್ಕೂ ಒಂದೇ. ಸಿಹಿಯ ರುಚಿಯೂ ಒಂದೇ. ಆದರೆ ಮಗುವಿನ ಅಂತಃಕರಣದಲ್ಲಿ ಅವು ಬಿತ್ತುವ ಬೀಜಗಳು ಬೇರೆ ಬೇರೆ.

ಇದು ಕೇವಲ ನಮ್ಮ ಊಹೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರವೊಂದರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಚಿತ್ರ ಬಿಡಿಸುವುದರಲ್ಲಿ ಸ್ವಭಾವತಃ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ‘ಚಿತ್ರ ಬಿಡಿಸಿದರೆ ಬಹುಮಾನ’ ಎಂದು ಮುಂಚಿತವಾಗಿ ಹೇಳಿ ಕೊಟ್ಟರು. ಎರಡನೆಯ ಗುಂಪಿಗೆ ಏನನ್ನೂ ಹೇಳದೆ, ಚಿತ್ರ ಮುಗಿದ ಮೇಲೆ ಅದೇ ಬಹುಮಾನವನ್ನು ಅನಿರೀಕ್ಷಿತವಾಗಿ ಕೊಟ್ಟರು. ಮೂರನೆಯ ಗುಂಪಿಗೆ ಬಹುಮಾನವೇ ಇಲ್ಲ. ಕೆಲವು ದಿನಗಳ ಅನಂತರ ನೋಡಿದಾಗ, ಬಹುಮಾನಕ್ಕಾಗಿ ಬಿಡಿಸಿದ ಮಕ್ಕಳು ತಾವಾಗಿ ಚಿತ್ರ ಬಿಡಿಸಲು ಕಳೆಯುತ್ತಿದ್ದ ಸಮಯ ಉಳಿದ ಎರಡು ಗುಂಪುಗಳ ಮಕ್ಕಳದರ ಸುಮಾರು ಅರ್ಧದಷ್ಟೇ ಇತ್ತು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಮಾತ್ರ ಕುಂದಿರಲಿಲ್ಲ. ಬಹುಮಾನ ಒಂದೇ ಆಗಿದ್ದರೂ, ಮೊದಲೇ ಕರಾರು ಮಾಡಿಕೊಟ್ಟದ್ದು ಮಗುವಿನ ಸಹಜ ಸಂತೋಷವನ್ನು ಕೆಲಸವನ್ನಾಗಿಸಿತು. ಕೇಳದೆ ಬಂದದ್ದು ಸಂತೋಷವಾಗಿಯೇ ಉಳಿಯಿತು.

ಈ ನಗರದಲ್ಲಿ ಮಗುವಿನ ಜೀವನವೆಲ್ಲ ಅಳತೆಯದು. ಶಾಲೆಯ ಪ್ರವೇಶಕ್ಕೆ ಅಳತೆ, ಪಾಠಕ್ಕೆ ಅಂಕಗಳ ಅಳತೆ, ಆಟಕ್ಕೆ ಸಹ ಗಂಟೆಗಳ ಅಳತೆ. ಇದರ ಮೇಲೆ ತಂದೆತಾಯಿಗಳ ಕೊಡುಗೆಯೂ ಅಂಕಗಳಿಗೆ ಕಟ್ಟುಬಿದ್ದರೆ, ಪ್ರೀತಿಯನ್ನೂ ಸಂಪಾದಿಸಬೇಕೆಂದೇ ಮಗು ತಿಳಿಯುವುದಲ್ಲವೇ? ಹಾಗೆ ತಿಳಿದ ಮಗು ಒಂದು ದಿನ ಸೋತು ಬಂದಾಗ ಮನೆಯ ಬಾಗಿಲಲ್ಲಿ ನಿಂತು ಹೆದರುತ್ತದೆ. ನಮ್ಮ ಚಿಂತೆ ಇರುವುದು ಆ ಹೆದರಿಕೆಯ ಬಗ್ಗೆ.

ಇನ್ನು ಮೂರನೆಯ ಬಗೆಯ ವಿಚಾರ. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರು. ವಿರಾರ್, ಕಲ್ಯಾಣ, ಡೊಂಬಿವಿಲಿಗಳಿಂದ ದಿನವೂ ನಗರಕ್ಕೆ ಹೋಗಿಬರುವ ಗೃಹಸ್ಥನು ಮಗು ಏಳುವ ಮುನ್ನ ಹೊರಡುತ್ತಾನೆ. ಅದು ಮಲಗಿದ ಮೇಲೆ ಮರಳುತ್ತಾನೆ. ತಾಯಿಯೂ ಉದ್ಯೋಗಕ್ಕೆ ಹೋಗುವ ಮನೆಗಳಲ್ಲಿ ಇದು ಇಬ್ಬರ ಪಾಡು. ದಿಂಬಿನ ಬಳಿ ಒಂದು ಸಿಹಿಯ ಪೊಟ್ಟಣವನ್ನಿಟ್ಟು ಮಲಗುವ ತಂದೆಯನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ. ಬೆಳಿಗ್ಗೆ ಎದ್ದ ಮಗುವಿಗೆ ಆ ಪೊಟ್ಟಣ ‘ಅಪ್ಪ ಬಂದಿದ್ದರು’ ಎಂದು ಹೇಳುತ್ತದೆ. ಅಲ್ಲಿಯವರೆಗೆ ಅದು ಸಾರ್ಥಕವೇ ಸರಿ. ಆದರೆ ನಿತ್ಯವೂ ಬರುವ ಪೊಟ್ಟಣ ಕೆಲವು ದಿನಗಳಲ್ಲಿ ಬಾಕಿಯಾಗುತ್ತದೆ; ಒಂದು ದಿನ ತಪ್ಪಿದರೆ ಮಗು ಸಾಲಗಾರನಂತೆ ಕೇಳುತ್ತದೆ. ಇದಕ್ಕೆ ಪರೀಕ್ಷೆ ಸುಲಭವಾಗಿದೆ. ತಂದೆ ಒಳಗೆ ಬಂದಾಗ ಮಗುವಿನ ದೃಷ್ಟಿ ಮೊದಲು ಹೋಗುವುದು ಅವನ ಮುಖಕ್ಕೋ, ಕೈಚೀಲಕ್ಕೋ? ಚೀಲಕ್ಕೆ ಹೋಗುತ್ತಿದ್ದರೆ ಕೆಲವು ಕಾಲ ಬರಿಗೈಯಲ್ಲಿ ಬಂದು, ಭಾನುವಾರದ ಒಂದು ಗಂಟೆಯನ್ನು ಪೂರ್ತಿಯಾಗಿ ಕೊಡುವುದು ಲೇಸು. ಸಿಹಿಯು ಸಮಯದ ಜೊತೆಗೆ ಹೋಗಬಹುದು, ಸಮಯದ ಸ್ಥಾನದಲ್ಲಿ ಕೂರಲಾರದು.

ಕಾರಣವಿಲ್ಲದೆ ಕೊಟ್ಟರೆ ಮಗು ಕೆಟ್ಟುಹೋಗುವುದಿಲ್ಲವೇ ಎಂದು ಕೆಲವರು ಶಂಕಿಸುತ್ತಾರೆ. ಬೇಡಿದ್ದನ್ನೆಲ್ಲ ಕೊಟ್ಟರೆ ಕೆಡುವುದು ನಿಜ. ಆದರೆ ಬೇಡಿಕೆಗೆ ಮಣಿದು ಕೊಡುವುದು ಬೇರೆ, ಬೇಡದೆ ಇದ್ದಾಗ ಕೊಡುವುದು ಬೇರೆ. ಮೊದಲನೆಯದು ಹಟವನ್ನು ಕಲಿಸಿದರೆ ಎರಡನೆಯದು ಕೃತಜ್ಞತೆಯನ್ನು ಕಲಿಸುತ್ತದೆ. ತನ್ನ ಹಕ್ಕಲ್ಲವೆಂದು ತಿಳಿದಲ್ಲಿ ಮಾತ್ರ ಕೃತಜ್ಞತೆ ಹುಟ್ಟಲು ಸಾಧ್ಯ. ದಶಮಸ್ಕಂಧದ ಕುಚೇಲನ ಕಥೆಯನ್ನು ನಾವೆಲ್ಲ ಬಲ್ಲೆವು. ಹೆಂಡತಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಅವನು ನಾಚಿಕೆಯಿಂದ ಬಚ್ಚಿಟ್ಟುಕೊಂಡ; ಭಗವಂತನು ತಾನೇ ಕಿತ್ತುಕೊಂಡು ತಿಂದ. ಕುಚೇಲ ಏನನ್ನೂ ಕೇಳಲಿಲ್ಲ. ಶ್ರೀಕೃಷ್ಣನು ಏನನ್ನೂ ಕೊಡುವೆನೆಂದು ಹೇಳಲಿಲ್ಲ. ಊರಿಗೆ ಮರಳಿ ತನ್ನ ಗುಡಿಸಲಿದ್ದ ಜಾಗವನ್ನು ನೋಡಿದಾಗಲೇ ಅವನಿಗೆ ತಿಳಿದದ್ದು. ಅಷ್ಟು ಸಂಪತ್ತು ಬಂದರೂ ಅವನು ಕೆಡಲಿಲ್ಲ. ಅದು ತನ್ನ ಗಳಿಕೆಯಲ್ಲವೆಂಬ ಅರಿವೇ ಅವನನ್ನು ಕಾಯಿತು.

ಪರಿಪೂರ್ಣನಾದ ಭಗವಂತನು ಜಗತ್ತನ್ನೇಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ‘ಲೀಲೆ’ ಎಂಬ ಉತ್ತರವಿದೆ. ಸುಖವು ಉಕ್ಕಿ ಬಂದಾಗ ಮನುಷ್ಯ ಯಾವ ಪ್ರಯೋಜನವನ್ನೂ ಎಣಿಸದೆ ಕುಣಿದು ಹಾಡುವಂತೆ ಎಂದು ಶ್ರೀಮದಾಚಾರ್ಯರು ದೃಷ್ಟಾಂತ ಕೊಟ್ಟಿದ್ದಾರೆ. ಅಸ್ವತಂತ್ರರಾದ ನಮಗೆ ಆ ಪೂರ್ಣತೆ ಎಲ್ಲಿಯದು? ಆದರೂ ಫಲವನ್ನು ಎಣಿಸದೆ, ತಪ್ಪಿಗೆ ಪರಿಹಾರವೆಂದೂ ಭಾವಿಸದೆ, ಸುಮ್ಮನೆ ಸಂತೋಷದಿಂದ ಒಂದು ಪೇರಲ ಹಣ್ಣನ್ನು ತಂದು ಮಗುವಿನ ಕೈಯಲ್ಲಿಡುವ ಕ್ಷಣದಲ್ಲಿ ಆ ದೃಷ್ಟಾಂತದ ಅರ್ಥ ಸ್ವಲ್ಪಮಟ್ಟಿಗೆ ನಮಗೂ ಹೊಳೆಯುತ್ತದೆ.

ಆಚರಣೆಯಲ್ಲಿ ಕೆಲವು ಮಾತುಗಳು. ತರುವುದು ಚಿಕ್ಕದಾಗಿರಲಿ, ದೊಡ್ಡದಾದರೆ ಪಕ್ಕದ ಮನೆಯ ಮಗುವಿನ ಕಣ್ಣಿಗೆ ಬೀಳುತ್ತದೆ, ಹೋಲಿಕೆ ಮೊದಲಾಗುತ್ತದೆ. ಇಬ್ಬರು ಮಕ್ಕಳಿದ್ದಲ್ಲಿ ಇಬ್ಬರಿಗೂ ಇರಲಿ. ಮನೆಗೆಲಸದಾಕೆಯ ಜೊತೆ ಬರುವ ಮಗುವಿಗೂ ಒಂದು ಪಾಲು ಇರಲಿ, ಅದನ್ನು ನಮ್ಮ ಮಗುವೇ ಕೊಡಲಿ. ಪಡೆದುದನ್ನು ಕೊಡಲು ಕಲಿತಾಗ ಪಡೆದುದು ಪೂರ್ಣವಾಗುತ್ತದೆ. ಹೊರಗಿನ ಪೊಟ್ಟಣವಾದರೆ ಅದರ ಮೇಲಿನ ವಿವರವನ್ನು ಓದಿ ತರುವುದು ನಮ್ಮ ಆಚಾರಕ್ಕೆ ಹಿತ. ಹಣ್ಣು, ಕಲ್ಲುಸಕ್ಕರೆಗಳಾದರೆ ಮೊದಲು ದೇವರ ಮುಂದಿಟ್ಟು ಅನಂತರ ಮಗುವಿಗೆ ಕೊಡೋಣ. ಆಗ ಕೊಟ್ಟವನು ತಾನೆಂಬ ಅಭಿಮಾನ ತಂದೆಗೂ ಉಳಿಯುವುದಿಲ್ಲ. ತಾನೂ ಕೇಳದೆಯೇ ಬಹಳವನ್ನು ಪಡೆದವನು, ಪಡೆದುದರಲ್ಲಿ ಒಂದು ತುಣುಕನ್ನು ಮುಂದಕ್ಕೆ ತಲುಪಿಸುವವನು ಮಾತ್ರ ಎಂದು ಅವನಿಗೆ ತಿಳಿಯುತ್ತದೆ. ಮಗುವಿಗೂ ಕಾಲಕ್ರಮದಲ್ಲಿ ತಿಳಿದೀತು.

॥ ಶ್ರೀಕೃಷ್ಣಾರ್ಪಣಮಸ್ತು ॥