ಪರರ ಮಾತು, ತನ್ನ ದನಿ

ಒಳ್ಳೆಯ ಮಾತೊಂದನ್ನು ಆಡಿದವನ ಮುಖ ನೋಡಿ ಒಪ್ಪಬೇಕೆ, ಮಾತನ್ನೇ ನೋಡಿ ಒಪ್ಪಬೇಕೆ? ತರ್ಕವನ್ನು ಕೇಳಿದರೆ ಉತ್ತರ ಸುಲಭ: ಯಾರ ಬಾಯಿಂದ ಬಂದರೂ ಸತ್ಯ ಸತ್ಯವೇ. ಆದರೆ ಮನುಷ್ಯನಿಗೆ ತರ್ಕವಿರುವಂತೆ ನೆನಪೂ ಉಂಟು. ತಲೆಮಾರುಗಳಿಂದ ನಮ್ಮವರನ್ನು ಹೊಸ್ತಿಲಾಚೆ ನಿಲ್ಲಿಸಿದ ಮನೆಯ ಯಜಮಾನನು ಒಂದು ದಿನ ಜಗಲಿಗೆ ಬಂದು ‘ಮನುಷ್ಯರೆಲ್ಲ ಸಮಾನರು’ ಎಂದರೆ, ಮಾತಿನ ಸತ್ಯ ಕಿವಿಯನ್ನು ಮುಟ್ಟುವುದಕ್ಕೆ ಮೊದಲೇ ಹಳೆಯ ಗಾಯ ನೋಯತೊಡಗುತ್ತದೆ. ಆಗ ಏನು ಮಾಡಬೇಕು? ಈ ಪ್ರಶ್ನೆಯನ್ನು ಫ್ರಾನ್ಸಿನ ಸಂಗೀತಗಾರನೊಬ್ಬನ ಬಾಳು ನಮ್ಮ ಮುಂದಿಡುತ್ತದೆ.

ದಾರ್ಯುಸ್ ಮೀಯೋ 1892ರಲ್ಲಿ ಮಾರ್ಸೇ ಪಟ್ಟಣದಲ್ಲಿ ಹುಟ್ಟಿದವನು. ಎಕ್ಸ್ ಎಂಬ ಹಳೆಯ ಊರಿನ ಯೆಹೂದಿ ಮನೆತನದವನು. ತಾನು ಪ್ರೊವಾನ್ಸ್ ಸೀಮೆಯ ಫ್ರೆಂಚರವನು, ಮತದಿಂದ ಯೆಹೂದಿ ಎಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಯಾವ ಸಂಕೋಚವೂ ಇರಲಿಲ್ಲ. 1940ರಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದಾಗ ಹೆಂಡತಿ ಮಗನೊಡನೆ ಅಮೆರಿಕಕ್ಕೆ ಹೋಗಿ, ಕ್ಯಾಲಿಫೋರ್ನಿಯದ ಮಿಲ್ಸ್ ಕಾಲೇಜಿನಲ್ಲಿ ಪಾಠ ಹೇಳಿ ಬದುಕಿದನು. ಹಿಂದೆ ಉಳಿದ ಬಂಧುಗಳಲ್ಲಿ ಹಲವರು ನಾಜಿಗಳ ಕೈಯಲ್ಲಿ ಸತ್ತರು. ಸಂಧಿವಾತ ಅವನನ್ನು ಗಾಲಿಕುರ್ಚಿಗೆ ಕಟ್ಟಿಹಾಕಿತು. ಬರೆಯುವ ಕೈ ಮಾತ್ರ ನಿಲ್ಲಲಿಲ್ಲ.

ಇತ್ತ ರೋಮಿನಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್. ಕ್ಯೂಬಾದ ಕ್ಷಿಪಣಿಗಳ ದೆಸೆಯಿಂದ ಲೋಕವೇ ಸುಟ್ಟುಹೋದೀತೆಂದು ಜನ ಉಸಿರು ಬಿಗಿಹಿಡಿದು ಕುಳಿತಿದ್ದ 1962ರ ಅಕ್ಟೋಬರ್ ಕಳೆದು ಆರು ತಿಂಗಳಾಗಿರಲಿಲ್ಲ. 1963ರ ಏಪ್ರಿಲ್ 11ರಂದು ಆ ವೃದ್ಧರು ‘ಪಾಚೆಮ್ ಇನ್ ತೆರ್ರಿಸ್’, ಎಂದರೆ ‘ಭೂಮಿಯ ಮೇಲೆ ಶಾಂತಿ’, ಎಂಬ ಪತ್ರವನ್ನು ಹೊರಡಿಸಿದರು. ಅಂಥ ಪತ್ರಗಳು ಬಿಷಪ್ಪರಿಗೆ, ಪಾದ್ರಿಗಳಿಗೆ, ಭಕ್ತರಿಗೆ ಸಲ್ಲುವುದು ವಾಡಿಕೆ. ಇದರ ವಿಳಾಸದಲ್ಲಿ ಇನ್ನೊಂದು ಗುಂಪು ಸೇರಿತ್ತು: ಸದ್ಭಾವವುಳ್ಳ ಎಲ್ಲ ಮನುಷ್ಯರು. ಶಾಂತಿಯೆಂಬುದು ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯ ಎಂಬ ನಾಲ್ಕು ಕಂಬಗಳ ಮೇಲೆ ನಿಲ್ಲತಕ್ಕದ್ದು; ಜನಾಂಗಭೇದಕ್ಕೆ ಯಾವ ಸಮರ್ಥನೆಯೂ ಇಲ್ಲ; ಅಣ್ವಸ್ತ್ರಗಳನ್ನು ನಿಷೇಧಿಸಬೇಕು ಎಂದು ಪತ್ರ ಹೇಳಿತು. ಅದಾದ ಎರಡು ತಿಂಗಳೊಳಗೆ, ಜೂನ್ 3ರಂದು, ಪೋಪರು ತೀರಿಕೊಂಡರು.

ಮೀಯೋ ಆ ಪತ್ರದ ಭಾಗಗಳನ್ನು ಆಯ್ದು ವೃಂದಗಾನದ ಸಿಂಫನಿಯೊಂದನ್ನು ರಚಿಸಿದನು. ಒಂದು ಹೆಣ್ಣು ದನಿ, ಒಂದು ಗಂಡು ದನಿ, ದೊಡ್ಡ ಗಾಯಕವೃಂದ, ವಾದ್ಯವೃಂದ. ಹಾಡಲು ಸಿಕ್ಕಿದ್ದೋ ಪದ್ಯವಲ್ಲ, ಹಕ್ಕು ಬಾಧ್ಯತೆಗಳನ್ನು ಎಣಿಸಿ ಹೇಳುವ ಗದ್ಯ. 1963ರ ಡಿಸೆಂಬರ್ 20ರಂದು, ಪ್ಯಾರಿಸಿನ ಹೊಸ ರೇಡಿಯೋ ಭವನದ ಉದ್ಘಾಟನೆಯ ಸಂದರ್ಭದಲ್ಲಿ, ಶಾರ್ಲ್ ಮ್ಯೂನ್ಶ್ ಅದನ್ನು ನಡೆಸಿಕೊಟ್ಟನು. ರಚನಕಾರನಿಗೆ ಆಗ 71 ವರ್ಷ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ; ಅದು ಹಗುರವಾದ ಆಕ್ಷೇಪವಲ್ಲ. ಶತಮಾನಗಳ ಕಾಲ ಯೆಹೂದ್ಯರನ್ನು ಕ್ರಿಸ್ತನ ಕೊಲೆಗಾರರೆಂದು ಜರೆದ ಬೋಧನೆ ಅದೇ ಮಠದ ಪೀಠಗಳಿಂದ ಬಂದದ್ದು. ಆ ಮನೆಯ ಮಾತನ್ನು ಆ ಸತ್ತವರ ಬಂಧುವೇ ಹಾಡಬೇಕೆ? ಬದುಕಿ ಉಳಿದವನು ಸತ್ತವರ ಪರವಾಗಿ ಕ್ಷಮೆ ಕೊಡಲು ಯಾರು?

ಕೊಡಲು ಯಾರಿಗೂ ಅಧಿಕಾರವಿಲ್ಲವೆಂದೇ ನನ್ನ ನಂಬಿಕೆ. ಆದರೆ ಒಂದು ಮಾತನ್ನು ಸತ್ಯವೆಂದು ಒಪ್ಪುವುದು ಬೇರೆ, ಆಡಿದವರ ಸಾಲವನ್ನು ಮನ್ನಾ ಮಾಡುವುದು ಬೇರೆ. ಈ ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆಯುವುದರಿಂದಲೇ ನಮ್ಮ ಗೊಂದಲ. ಎಕ್ಸ್‌ನಲ್ಲೇ ಕೊನೆಯ ದಿನಗಳನ್ನು ಕಳೆದ ಇತಿಹಾಸಕಾರ ಜ್ಯೂಲ್ ಇಸಾಕ್‌ನನ್ನು ನೆನೆಯಬಹುದು. ಅವನ ಹೆಂಡತಿ, ಮಗಳು ಇಬ್ಬರೂ ಆಶ್ವಿಟ್ಸ್‌ನಲ್ಲಿ ಹತರಾದರು. 1960ರ ಜೂನ್‌ನಲ್ಲಿ ಅವನು ಇದೇ ಪೋಪರ ಬಳಿಗೆ ಹೋದನು. ಹೋದದ್ದು ಕ್ಷಮೆಯನ್ನು ನೀಡುವುದಕ್ಕಲ್ಲ, ತಿರಸ್ಕಾರವನ್ನು ಕಲಿಸುವ ಬೋಧನೆಯನ್ನು ತಿದ್ದಿರೆಂದು ಕೇಳುವುದಕ್ಕೆ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿದ್ದ ಹೀನ ವಿಶೇಷಣವನ್ನು 1959ರಲ್ಲೇ ತೆಗೆಸಿದ್ದ ಪೋಪರು ಅವನ ಮಾತಿಗೆ ಕಿವಿಗೊಟ್ಟರು. ಆ ಬೋಧನೆಯನ್ನು ತಿದ್ದುವ ಘೋಷಣೆ ವ್ಯಾಟಿಕನ್ ಮಹಾಸಭೆಯಿಂದ ಹೊರಟದ್ದು 1965ರಲ್ಲಿ. ಅಷ್ಟರಲ್ಲಿ ಕೇಳಿದವನೂ ಇರಲಿಲ್ಲ, ಕೇಳಿಸಿಕೊಂಡವರೂ ಇರಲಿಲ್ಲ.

ಇನ್ನೊಂದು ಆಕ್ಷೇಪ ಶ್ರೋತೃಗಳದು. ಶಾಂತಿಯ ಹಾಡು ಕೇಳಿ, ಚಪ್ಪಾಳೆ ತಟ್ಟಿ, ಕೋಟು ತೊಟ್ಟು ಮನೆಗೆ ಹೋಗುವುದರಿಂದ ಶಾಂತಿ ಬಂದೀತೆ? ಬರಲಿಲ್ಲ. ರೇಡಿಯೋ ಭವನವನ್ನು ಕಟ್ಟಿಸಿದ ಸರ್ಕಾರವೇ 1960ರಲ್ಲಿ ಸಹಾರಾ ಮರುಭೂಮಿಯಲ್ಲಿ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತ್ತು. 1963ರ ಪರೀಕ್ಷಾ ನಿಷೇಧದ ಒಪ್ಪಂದಕ್ಕೆ ಅದು ಸಹಿ ಹಾಕಲಿಲ್ಲ. ಅಣ್ವಸ್ತ್ರ ಬೇಡವೆಂದ ಪತ್ರವನ್ನು ಅಣ್ವಸ್ತ್ರ ಮಾಡಿಕೊಂಡವರ ಚಾವಡಿಯಲ್ಲೇ ಹಾಡಿದಂತಾಯಿತು. ಇದನ್ನು ನೋಡಿ ನಗುವುದು ಸುಲಭ. ನನಗಂತೂ ನಗು ಬರುವುದಿಲ್ಲ. ಒಪ್ಪಿದವರ ನಡುವೆ ಮಾತ್ರ ಹಾಡುವುದಾದರೆ ಅಂಥ ಹಾಡಿನ ಅಗತ್ಯವಾದರೂ ಏನು?

ಪತ್ರವನ್ನು ಬರೆದವರು ಅದನ್ನು ಕಪಾಟಿನಲ್ಲಿಟ್ಟು ಮರೆಯಬಹುದು; ಸಂಸ್ಥೆಗಳಿಗೆ ಆ ಕಲೆ ಚೆನ್ನಾಗಿ ಬರುತ್ತದೆ. ಆದರೆ ನೊಂದ ಕುಲದವನೊಬ್ಬನು ಆ ಮಾತನ್ನು ಎತ್ತಿ ನೂರು ಕಂಠಗಳಿಗೆ ಕೊಟ್ಟು ಸಭೆಯಲ್ಲಿ ಹಾಡಿಸಿದ ಮೇಲೆ, ಅದನ್ನು ಮರೆಯುವುದು ಅಷ್ಟು ಸುಲಭವಲ್ಲ. ಅದು ಹೊಗಳಿಕೆಯಲ್ಲ, ಸಾಕ್ಷಿ. ‘ಇದು ನಿಮ್ಮ ಮಾತು, ನಾನು ಕೇಳಿದ್ದೇನೆ, ಊರಿಗೆಲ್ಲ ಕೇಳಿಸಿದ್ದೇನೆ, ಇನ್ನು ನಡೆಸಿಕೊಡಿ’ ಎಂದಂತೆ. ಹೊರಗೆ ನಿಂತು ‘ನೀನು ಹೇಳಲು ಯೋಗ್ಯನಲ್ಲ’ ಎನ್ನುವವನು ಆಡಿದವನನ್ನು ಋಣದಿಂದ ಬಿಡುಗಡೆ ಮಾಡುತ್ತಾನೆ. ಒಳಗೆ ಬಂದು ಆ ಮಾತನ್ನೇ ತನ್ನ ದನಿಯಲ್ಲಿ ಹಾಡುವವನು ಅವನನ್ನು ಆ ಮಾತಿಗೆ ಕಟ್ಟಿಹಾಕುತ್ತಾನೆ.

ಆದ್ದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆಡಿದವನ ಮುಖವನ್ನು ಮರೆಯಬೇಕಾಗಿಲ್ಲ, ಗಾಯವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಒಳ್ಳೆಯ ಮಾತನ್ನು ಅವನೊಬ್ಬನ ಸೊತ್ತಾಗಿ ಬಿಟ್ಟುಕೊಡಬಾರದು. ಹಾಗೆ ಬಿಟ್ಟುಕೊಟ್ಟರೆ ನಷ್ಟ ನಮ್ಮದು.